ಕಣ್ಣ ರೆಪ್ಪೆಗೆ ಬಂದ ಕಾಗೆಬಂಗಾರ

ಕಳೆದ ತಿಂಗಳು ಗೆಳತಿಯೊಬ್ಬಳ ಮದುವೆ ಇತ್ತು. ಅದಕ್ಕೆಂದು ನಾವು ಮೂವರು ರೂಮ್‌ಮೇಟ್‌ಗಳು ದುಡ್ಡು ಹಾಕಿ, ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಮೆಟಾಲಿಕ್ ಐಶ್ಯಾಡೋ ಪ್ಯಾಲೆಟ್ ತಗೊಂಡೆವು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಕಣ್ಣ ರೆಪ್ಪೆಯ ಮೇಲೆ ಹಚ್ಚುವ ಬಣ್ಣ. ಜಾಮಿಟ್ರಿ ಬಾಕ್ಸಿನಷ್ಟು ಡಬ್ಬಿ, ಒಳಗೊಂದು ಕನ್ನಡಿ, ಹನ್ನೆರಡು ಪುಟ್ಟ ಗುಳಿಗಳು. ಒಂದೊಂದರಲ್ಲೂ ತಾಮ್ರ, ಕಂಚು, ಬೆಳ್ಳಿ, ಚಿನ್ನದಂತೆ ಹೊಳೆಯುವ ಪುಡಿ.

ಬನಶಂಕರಿಯ ನಮ್ಮ ರೂಮಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತು ಹಚ್ಚಿ ನೋಡಿದೆವು. ಬ್ರಷ್‌ನಲ್ಲಿ ಹಚ್ಚಿದರೆ ಅರ್ಧ ಪುಡಿ ಕೆನ್ನೆಗೆ ಉದುರಿತು. ಬೆರಳ ತುದಿಯಿಂದ ಒತ್ತಿ ಹಚ್ಚಿದಾಗ ನಿಂತಿತು. ನಮ್ಮ ಮೈಬಣ್ಣಕ್ಕೆ ಬೆಳ್ಳಿ ಬಣ್ಣ ವಿಭೂತಿ ಬಳಿದ ಹಾಗೆ ಕಂಡಿತು. ತಾಮ್ರ, ಕಂಚು ಮಾತ್ರ ಚೆನ್ನಾಗಿ ಎದ್ದು ಬಂದವು.

ಅಷ್ಟರಲ್ಲಿ ಗುಬ್ಬಿ ಕಡೆಯ ಗೆಳತಿಗೆ ಊರಿಂದ ವಿಡಿಯೊ ಕಾಲ್ ಬಂತು. ಅವಳ ಅಮ್ಮ ನೋಡಿದ ಕೂಡಲೇ, "ಏನೇ ಇದು, ನಾಟಕಕ್ಕೆ ಹೊರಟಿದ್ಯಾ?" ಅಂದರು.

ನಕ್ಕೆವು. ಆದರೆ ಆ ಮಾತಿನಲ್ಲಿ ಒಂದು ಚರಿತ್ರೆಯೇ ಇದೆ. ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಶುರುವಾಗಿತ್ತು. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ನಾಡಿಗೆಲ್ಲ ಹೆಸರಾಯಿತು. ಮುಖಕ್ಕೆ ಬಣ್ಣ, ಕಣ್ಣಿಗೆ ಹೊಳಪು ಅಂದರೆ ನಮ್ಮ ಹಳ್ಳಿಗಳಲ್ಲಿ ನಾಟಕವೇ. ಮೊದಮೊದಲು ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಹೆಂಗಸರು ರಂಗಕ್ಕೆ ಬಂದ ಮೇಲೆ, ಟಿಕೆಟ್ ಕೊಂಡು ನೋಡಿ ಚಪ್ಪಾಳೆ ಹೊಡೆದ ಜನವೇ "ನಾಟಕದವಳು" ಅಂತ ಆಡಿಕೊಂಡರು. ಮನೆಯ ಹೆಣ್ಣುಮಕ್ಕಳಿಗೆ ಕಾಡಿಗೆ ಸಾಕು ಎಂಬ ಮಾತು ಅಲ್ಲಿಂದಲೇ ಬಂದಿರಬೇಕು ಅನ್ನಿಸುತ್ತದೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಮಸಿ ಹಿಡಿದು ಮಾಡುವ ಆ ಕಾಡಿಗೆಯಲ್ಲಿ ಹೊಳಪಿಲ್ಲ.

ಯಕ್ಷಗಾನದವರ ಚೌಕಿಯಲ್ಲೂ ಮುಖದ ಬಣ್ಣಕ್ಕೆ ಅರದಾಳ, ಇಂಗಲೀಕ ಬಳಸುತ್ತಿದ್ದರು. (ಮೊದಲನೆಯದರಲ್ಲಿ ಆರ್ಸೆನಿಕ್, ಎರಡನೆಯದರಲ್ಲಿ ಪಾದರಸ. ಹಳೆಯದೆಲ್ಲ ಸುರಕ್ಷಿತ ಅನ್ನುವವರು ಗಮನಿಸಿ.) ಹೊಳೆಯುತ್ತಿದ್ದದ್ದು ಮುಖವಲ್ಲ, ಹಗುರ ಮರದ ಆಭರಣಕ್ಕೆ ಅಂಟಿಸಿದ ಬೇಗಡೆ. ದೊಂದಿ ಬೆಳಕಿಗೆ ಅದು ಚಿನ್ನವೇ.

ಹಾಗಾದರೆ ಆ ಹೊಳಪು ಪುಡಿಯಾಗಿ ರೆಪ್ಪೆಗೆ ಬಂದದ್ದು ಹೇಗೆ? ಡಬ್ಬಿಯ ಹಿಂದಿನ ಅಕ್ಷರಗಳನ್ನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆವು. ಮೈಕಾ, ಸಿಐ 77019 ಎಂದಿತ್ತು. ಜೊತೆಗೆ 77891, ಅಂದರೆ ಟೈಟಾನಿಯಂ ಡೈಆಕ್ಸೈಡ್. 77491, ಅಂದರೆ ಕಬ್ಬಿಣದ ತುಕ್ಕಿನ ಜಾತಿಯ ಕೆಂಪು ಬಣ್ಣ. ಲೋಹದ ಹೆಸರು ಹೇಳಿಕೊಂಡ ಡಬ್ಬಿಯಲ್ಲಿ ತಾಮ್ರವೂ ಇಲ್ಲ, ಬೆಳ್ಳಿಯೂ ಇಲ್ಲ.

ಮೈಕಾ ಅಂದಾಗ ಹಾಸನ ಕಡೆಯ ಗೆಳತಿ, "ಅಯ್ಯೋ, ಅದು ಕಾಗೆಬಂಗಾರ ಕಣ್ರೇ!" ಅಂದಳು. ನಿಮಗೂ ಗೊತ್ತಿರುತ್ತದೆ. ಹೊಲದ ಬದುವಿನ ಕಲ್ಲಿನಲ್ಲಿ, ಬಾವಿ ತೋಡಿದ ಮಣ್ಣಿನಲ್ಲಿ ಮಿಂಚುವ, ಉಗುರಲ್ಲಿ ಎಬ್ಬಿದರೆ ಪದರ ಪದರವಾಗಿ ಏಳುವ ಹೊಳಪು ಕಲ್ಲು. ಸಂಸ್ಕೃತದಲ್ಲಿ ಅಭ್ರಕ. ಅಭ್ರ ಅಂದರೆ ಮೋಡ. ನಮ್ಮವರು ಮೋಡದ ಗೊಡವೆಗೆ ಹೋಗದೆ, ಇದು ಕಾಗೆಗಷ್ಟೇ ಬಂಗಾರ ಅಂತ ಹೆಸರಿಟ್ಟರು!

ಈ ಕಲ್ಲನ್ನು ನುಣ್ಣಗೆ ಅರೆದು, ಆ ಪುಡಿಯ ಒಂದೊಂದು ಚೂರಿಗೂ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳು ಲೇಪ ಕೊಡುತ್ತಾರೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದರೆ ಬಣ್ಣಬಣ್ಣ ಕಾಣುತ್ತದಲ್ಲ, ಅದೇ ತತ್ವ. ಲೇಪ ತೆಳುವಾದರೆ ಬೆಳ್ಳಿ, ಸ್ವಲ್ಪ ದಪ್ಪವಾದರೆ ಚಿನ್ನ, ಇನ್ನೂ ದಪ್ಪವಾದರೆ ಕೆಂಪು, ನೀಲಿ. ಕಬ್ಬಿಣದ ಆಕ್ಸೈಡ್ ಲೇಪಿಸಿದರೆ ತಾಮ್ರ, ಕಂಚು. ಅಮೆರಿಕದ ಡ್ಯುಪಾಂಟ್ ಕಂಪನಿ ಈ ವಿಧಾನಕ್ಕೆ 1963ರಲ್ಲಿ ಪೇಟೆಂಟ್ ಪಡೆಯಿತು. ಅದಕ್ಕೂ ಮೊದಲು ಮುತ್ತಿನ ಹೊಳಪು ಬೇಕೆಂದರೆ ಮೀನಿನ ಹುರುಪೆಯಿಂದ ತೆಗೆಯುತ್ತಿದ್ದರು. ನಮ್ಮ ದೇಶದಲ್ಲಿ ಟಾಟಾದವರ ಲಕ್ಮೆ 1952ರಲ್ಲೇ ಬಂದು, ನಾಟಕದ ಪೆಟ್ಟಿಗೆಯಲ್ಲಿದ್ದ ಬಣ್ಣವನ್ನು ಅಂಗಡಿಯ ಗಾಜಿನ ಕಪಾಟಿಗೆ ತಂದಿತ್ತು.

ಇಷ್ಟು ಓದಿ ನಿಲ್ಲಿಸಿದ್ದರೆ ಮದುವೆಗೆ ನಿರಾಳವಾಗಿ ಹೋಗುತ್ತಿದ್ದೆವೇನೋ.

ಭಾರತದ ಮೈಕಾದ ದೊಡ್ಡ ಪಾಲು ಸಿಗುವುದು ಜಾರ್ಖಂಡಿನ ಕೋಡರ್ಮಾ, ಗಿರಿಡಿಹ್ ಮತ್ತು ಪಕ್ಕದ ಬಿಹಾರದಲ್ಲಿ. ಬ್ರಿಟಿಷರ ಕಾಲದಲ್ಲಿ ವಿದ್ಯುತ್ ಯಂತ್ರಗಳಿಗೆ, ಯುದ್ಧದ ರೇಡಿಯೊಗಳಿಗೆ ಇಲ್ಲಿನ ಹಾಳೆಗಳೇ ಬೇಕಿದ್ದವು. ಆಮೇಲೆ ಬೇಡಿಕೆ ಬಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅನೇಕ ಗಣಿಗಳು ಮುಚ್ಚಿದವು. ಗಣಿ ಮುಚ್ಚಿದರೂ ಹೊಟ್ಟೆ ಮುಚ್ಚುವುದಿಲ್ಲ. ಬಿಟ್ಟುಹೋದ ಗುಂಡಿಗಳಲ್ಲಿ ಇಡೀ ಕುಟುಂಬಗಳು ಚೂರು ಆಯತೊಡಗಿದವು. ಅಲ್ಲಿ ಆ ಚೂರಿಗೆ ಢಿಬ್ರಾ ಅನ್ನುತ್ತಾರೆ. ಇಲಿಬಿಲದಂಥ ಕಿಂಡಿಗಳಿಗೆ ಮಕ್ಕಳು ಸುಲಭವಾಗಿ ನುಗ್ಗುತ್ತಾರೆ, ಅದಕ್ಕೇ ಮಕ್ಕಳು.

2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ನಿನ ಪತ್ರಕರ್ತರು ಅಲ್ಲಿಗೆ ಹೋಗಿ ವರದಿ ಮಾಡಿದರು. ಎರಡೇ ತಿಂಗಳಲ್ಲಿ ಏಳು ಮಕ್ಕಳು ಸತ್ತಿದ್ದರು. ಗಣಿ ಅಕ್ರಮವಾದ್ದರಿಂದ ಸಾವೂ ಲೆಕ್ಕಕ್ಕೆ ಬರುವುದಿಲ್ಲ, ಬಾಯಿ ಮುಚ್ಚಿಸಲು ಮನೆಯವರಿಗೆ ದುಡ್ಡು ಕೊಡುತ್ತಾರೆ. ಪತ್ರಿಕೋದ್ಯಮ ಓದಿದ ನಮಗೆ ಆ ವರದಿ ಒಂದು ಪಾಠ: ಸೌಂದರ್ಯದ ಸುದ್ದಿಯನ್ನು ಗುಂಡಿಯ ಬಾಯಿಯಿಂದ ಬರೆಯಬೇಕು. ಮರುವರ್ಷ, 2017ರಲ್ಲಿ, ಕಂಪನಿಗಳು ಸೇರಿ ಪ್ಯಾರಿಸ್‌ನಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಕೂಟ ಕಟ್ಟಿದವು.

ಕೆಲವರು ಕಾರ್ಖಾನೆಯಲ್ಲೇ ತಯಾರಾದ ಮೈಕಾಕ್ಕೆ ಹೋದರು. ಡಬ್ಬಿಯ ಮೇಲೆ ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್ ಎಂದಿದ್ದರೆ ಅದು ನೆಲ ಅಗೆದದ್ದಲ್ಲ. ನಮ್ಮ ಡಬ್ಬಿಯಲ್ಲಿ ಆ ಹೆಸರಿರಲಿಲ್ಲ. ಮೈಕಾ ಎಲ್ಲಿಂದ ಬಂತು ಎಂದೂ ಇರಲಿಲ್ಲ. ಹಾಗಂತ ಎಲ್ಲರೂ ಕೊಳ್ಳುವುದು ಬಿಟ್ಟರೆ ಆ ಮನೆಗಳ ಒಲೆಯೂ ಆರುತ್ತದೆ. ಅಲ್ಲಿ ದೊಡ್ಡವರಿಗೆ ಸರಿಯಾದ ಕೂಲಿ, ಕಾನೂನುಬದ್ಧ ಗಣಿ ಬೇಕು ಅನ್ನುವುದು ನಮ್ಮ ಅಭಿಪ್ರಾಯ. ಒಂದು ಡಬ್ಬಿಯನ್ನು ಕಸಕ್ಕೆ ಎಸೆಯುವುದರಿಂದ ಅದು ಬರುವುದಿಲ್ಲ.

ಮರುದಿನ ಗುಬ್ಬಿಯ ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆವು. ಅವರು ಚಿಕ್ಕವರಿದ್ದಾಗ ಕಾಗೆಬಂಗಾರ ಆಯ್ದು, ಗೋಂದು ಹಚ್ಚಿ ಮಣ್ಣಿನ ಗಣೇಶನ ಕಿರೀಟಕ್ಕೆ ಅಂಟಿಸುತ್ತಿದ್ದರಂತೆ. ಸ್ವಲ್ಪ ಹೊತ್ತು ಬಿಟ್ಟು, "ನಾವು ಆಟಕ್ಕೆ ಆಯ್ತಿದ್ವಿ ಕಣವ್ವಾ. ಆ ಮಕ್ಕಳು ಇಸ್ಕೂಲಿಗೆ ಹೋಗಲ್ವಾ?" ಅಂದರು.

ಮದುವೆಗೆ ಮೂವರೂ ತಾಮ್ರದ ಬಣ್ಣ ಹಚ್ಚಿಕೊಂಡೇ ಹೋದೆವು.