ಐವತ್ತೆರಡು ಸಾವು, ಒಂದು ಕಾಯಿದೆ, ಲೆಕ್ಕಕ್ಕೆ ಸಿಗದ ಧೂಳು



ನಮ್ಮ ಯುವಕೂಟದ ಒಬ್ಬ ಹುಡುಗ ಕಲ್ಲು ಕಟಿಂಗ್, ಪಾಲಿಶ್ ಮಾಡುವ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದಾನೆ. ಹೋದ ತಿಂಗಳು ಭಾನುವಾರದ ಪೂಜೆ ಮುಗಿದು ಮಾತಿಗೆ ಕೂತಾಗ ಒಂದು ವಿಷಯ ಹೇಳಿದ. ನಾಳೆ ಇನ್‌ಸ್ಪೆಕ್ಷನ್ ಇದೆ ಅಂತ ಸಂಜೆ ಸೂಪರ್‌ವೈಸರ್ ಒಂದು ರಿಜಿಸ್ಟರ್ ತಂದು ಎಲ್ಲರ ಸಹಿ ಹಾಕಿಸಿಕೊಂಡರಂತೆ. ಮಾಸ್ಕ್ ಕೊಟ್ಟಿದೆ, ಸುರಕ್ಷತೆಯ ತರಬೇತಿ ಆಗಿದೆ, ಆರೋಗ್ಯ ತಪಾಸಣೆ ಆಗಿದೆ ಎಂದು ಮೂರು ಕಾಲಮ್ಮು. ಮೂರೂ ಆಗಿರಲಿಲ್ಲ. "ಎಲ್ರೂ ಹಾಕಿದ್ರು ಅಣ್ಣ, ನಾನೂ ಹಾಕ್ದೆ" ಅಂದ. ನಾವೆಲ್ಲ ನಕ್ಕೆವು. ಆಮೇಲೆ ಯೋಚನೆಗೆ ಬಿತ್ತು, ಮಾತಿನ ನಡುವೆ ಅವನು ಎರಡು ಮೂರು ಸಲ ಕೆಮ್ಮಿದ್ದ.

ಆ ರಿಜಿಸ್ಟರು, ಆ ಇನ್‌ಸ್ಪೆಕ್ಟರು ನಮ್ಮ ದೇಶಕ್ಕೆ ಬಂದದ್ದು ಹೇಗೆ ಎಂದು ಹುಡುಕಿದೆವು. ತುಂಬಾ ದೂರ ಹೋಗಬೇಕಾಗಲಿಲ್ಲ. ಕಥೆಯ ಒಂದು ಮುಖ್ಯ ಕೊಂಡಿ ಕೋಲಾರದ ಚಿನ್ನದ ಗಣಿಯಲ್ಲೇ ಇದೆ.

ಕೆ.ಜಿ.ಎಫ್. ಅಂದರೆ ಈಗಿನವರಿಗೆ ಮೊದಲು ನೆನಪಾಗುವುದು ಸಿನಿಮಾ. ನಿಜವಾದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಕೆಲಸ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂದದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಅದಕ್ಕೂ ಐದು ವರ್ಷ ಮೊದಲು ನಡೆದದ್ದನ್ನು ಮಾತ್ರ ನಮಗೆ ಯಾರೂ ಪಾಠ ಮಾಡಿರಲಿಲ್ಲ. 1897ರಲ್ಲಿ ಕೋಲಾರದ ಗಣಿಯಲ್ಲಿ ಒಂದೇ ದುರಂತದಲ್ಲಿ 52 ಜನ ಸತ್ತರು. ಸ್ವಲ್ಪ ದಿನಕ್ಕೇ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಜನ ಸತ್ತರು.

ಗಣಿಗಳನ್ನು ನೋಡಿಕೊಳ್ಳಲು ಸರ್ಕಾರದಲ್ಲಿ ಯಾರೂ ಇರಲಿಲ್ಲ ಎಂದಲ್ಲ. ಅದಕ್ಕೂ ಮೊದಲೇ ಜೇಮ್ಸ್ ಗ್ರಂಡಿ ಎಂಬವರನ್ನು ದೇಶದ ಮೊದಲ ಗಣಿ ಇನ್‌ಸ್ಪೆಕ್ಟರ್ ಆಗಿ ನೇಮಿಸಿದ್ದರು. ಇಷ್ಟು ದೊಡ್ಡ ದೇಶಕ್ಕೆ ಒಬ್ಬರು! ಕಾನೂನು ಮಾಡುವ ಚರ್ಚೆಯೂ ಕೆಲವು ವರ್ಷಗಳಿಂದ ನಡೆಯುತ್ತಲೇ ಇತ್ತು. ಈ ಎರಡು ದುರಂತಗಳಾದ ಮೇಲೆ ಆ ಕೆಲಸಕ್ಕೆ ವೇಗ ಬಂತು. 1901ರಲ್ಲಿ ಭಾರತದ ಮೊದಲ ಗಣಿ ಕಾಯಿದೆ ಆಯಿತು. 1902ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ಗಣಿ ತಪಾಸಣೆಯ ಕಚೇರಿ ತೆರೆಯಿತು, 1908ರಲ್ಲಿ ಅದು ಧನಬಾದಿಗೆ ಹೋಯಿತು. ಇಂದು ಗಣಿ ಸುರಕ್ಷತೆಯ ಮಹಾ ನಿರ್ದೇಶನಾಲಯ ಎಂದು ಕರೆಯುವ ಇಲಾಖೆ ಅದೇ.

ಒಂದು ವಿಚಿತ್ರ ನೋಡಿ. ಕೋಲಾರ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಬ್ರಿಟಿಷ್ ಇಂಡಿಯಾದ ಕಾಯಿದೆ ಅಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಯಾರ ಸಾವಿನಿಂದ ಕಾನೂನು ಬೇಗ ಬಂತೋ ಆ ಕಾರ್ಮಿಕರ ಜೊತೆಯವರಿಗೇ ಅದು ಸಿಗಲಿಲ್ಲ. ಮೈಸೂರು ತನ್ನದೇ ಗಣಿ ಕಾನೂನನ್ನು 1906ರಲ್ಲಿ ಮಾಡಿಕೊಂಡಿತು.

ಬರುಬರುತ್ತಾ ಗಣಿ ಆಳಕ್ಕೆ ಇಳಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿ, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದಾಯಿತು. ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ಇದಕ್ಕೆ ರಾಕ್ ಬರ್ಸ್ಟ್ ಎನ್ನುತ್ತಾರೆ. ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು. ಈ ಸಿಡಿತಕ್ಕೆ ಎಂಜಿನಿಯರುಗಳು ಬಹಳ ತಲೆ ಕೆಡಿಸಿಕೊಂಡರು. ಅಗೆದ ಜಾಗಕ್ಕೆ ಮರದ ಆಸರೆ ಸಾಲದೆಂದು ಗ್ರಾನೈಟ್ ಕಲ್ಲು ಕಟ್ಟಿದರು. ಕಂಪನ ಅಳೆಯುವ ಯಂತ್ರಗಳ ಜಾಲ ಹಾಕಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆ.ಜಿ.ಎಫ್.ನಲ್ಲೇ. ಇದಕ್ಕೆ ಕಂಪನಿಗೂ ಕಾರಣವಿತ್ತು: ಬಂಡೆ ಸಿಡಿದರೆ ಕೆಲಸ ನಿಲ್ಲುತ್ತದೆ, ಚಿನ್ನ ನಿಲ್ಲುತ್ತದೆ.

ಧೂಳಿನಿಂದ ಯಾವುದೂ ನಿಲ್ಲುವುದಿಲ್ಲ. ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ, ಬೆಣಚುಕಲ್ಲು ಅಂದರೆ ಸಿಲಿಕಾ. ಡ್ರಿಲ್ ಕೊರೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಅಪಾಯ. ಮೂಗಿನ ಕೂದಲು, ಕಫ ಎಲ್ಲ ದಾಟಿ ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತವೆ. ದೇಹ ಅವನ್ನು ಕರಗಿಸಲಾರದು. ಸುತ್ತ ಗಾಯದ ಕಲೆಯಂಥ ಗಟ್ಟಿ ಗಂಟು ಕಟ್ಟುತ್ತದೆ, ಗಂಟುಗಳು ಬೆಳೆಯುತ್ತವೆ, ಉಸಿರಿಗೆ ಜಾಗ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷ ಬೇಕು. ಧೂಳು ವಿಪರೀತವಾದರೆ ಬೇಗ. ಇದು ಸಿಲಿಕೋಸಿಸ್, ವಾಸಿಯಾಗುವುದಿಲ್ಲ. ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಎಷ್ಟೋ ಜನರಿಗೆ ಇದು ಬರೀ ಟಿ.ಬಿ. ಎಂದೇ ಚಿಕಿತ್ಸೆ ನಡೆದುಬಿಡುತ್ತದೆ.

ಭಾರತದಲ್ಲಿ ಈ ರೋಗದ ಮೊದಲ ವರದಿ ಎಂದು ವೈದ್ಯರ ಪಠ್ಯಪುಸ್ತಕಗಳು ಹೇಳುವುದು ಕೋಲಾರದ ಗಣಿಯದನ್ನೇ, 1947ರದ್ದು. ಗಣಿ ಶುರುವಾಗಿ ಆಗಲೇ 67 ವರ್ಷ. ಬಂಡೆ ಬಿದ್ದು ಸತ್ತವನ ಹೆಸರು ಅಪಘಾತದ ಪುಸ್ತಕದಲ್ಲಿ ಅಂದೇ ಬರುತ್ತದೆ. ಧೂಳು ಕುಡಿದವನು ಕೆಲಸ ಬಿಟ್ಟು ಊರಿಗೆ ಹೋಗಿ, ಮನೆಯ ಜಗಲಿಯ ಮೇಲೆ ಕೆಮ್ಮಿ ಕೆಮ್ಮಿ ಸಾಯುತ್ತಾನೆ. ಅವನ ಹೆಸರು ಯಾವ ಪುಸ್ತಕದಲ್ಲಿ ಬರಬೇಕು? ಕಾರ್ಮಿಕರ ಲೆಕ್ಕ ಇಡಲು ಕಂಪನಿಗೆ ಬರುತ್ತಿರಲಿಲ್ಲ ಎಂದು ಹೇಳಲಾಗದು. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಿತ್ತು, ಅದರ ವಿರುದ್ಧ ಸಾವಿರಾರು ಜನ ವಾರಗಟ್ಟಲೆ ಮುಷ್ಕರ ಹೂಡಿದರು. ಬೆರಳಿನ ಗುರುತು ಬೇಕಾಗಿತ್ತು, ಎದೆಯ ಎಕ್ಸ್‌ರೇ ಅಷ್ಟು ಅವಸರದ್ದಾಗಿರಲಿಲ್ಲ ಎಂದು ನಮಗನ್ನಿಸಿತು.

ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ನಮ್ಮ ಹಳೆಯ ಅನಂತಪುರ ಜಿಲ್ಲೆಯ ರಾಮಗಿರಿಯಲ್ಲೂ ಚಿನ್ನದ ಗಣಿ ನಡೆಸಿದ್ದು ಇದೇ ಕಂಪನಿ. 2001ರಲ್ಲಿ ಎಲ್ಲ ಮುಚ್ಚಿತು.

ಅಗಳಿಯಲ್ಲಿ ಕೂತು ಇದನ್ನೆಲ್ಲ ಬರೆಯಲು ಕಾರಣ ಆ ಹುಡುಗನ ಕೆಲಸ. ಗ್ರಾನೈಟ್‌ನಲ್ಲೂ ಇರುವುದು ಅದೇ ಸಿಲಿಕಾ. ಬ್ಲೇಡಿಗೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಬಹಳ ಮಟ್ಟಿಗೆ ಅಡಗುತ್ತದೆ, ಒಣ ಕಟಿಂಗ್‌ನಲ್ಲಿ ಮುಖಕ್ಕೇ ಹೊಡೆಯುತ್ತದೆ. ಟವೆಲ್ ಸುತ್ತಿಕೊಂಡರೆ, ಬಟ್ಟೆಯ ಮಾಸ್ಕ್ ಹಾಕಿಕೊಂಡರೆ ಆ ಸಣ್ಣ ಕಣ ನಿಲ್ಲುವುದಿಲ್ಲ. ನಮ್ಮಲ್ಲಿ ಮಳೆ ಕೈಕೊಟ್ಟಾಗೆಲ್ಲ ಹುಡುಗರು ಹಿಂದೂಪುರಕ್ಕೆ, ತುಮಕೂರಿಗೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು ಇದ್ದದ್ದೇ. ಯಾವ ರಾಜ್ಯದಲ್ಲಿ ಕೆಲಸಕ್ಕಿದ್ದರೂ ಈಗ ಕಾನೂನು ಒಂದೇ. 1948ರ ಕಾರ್ಖಾನೆ ಕಾಯಿದೆ, 1952ರ ಗಣಿ ಕಾಯಿದೆ ಸೇರಿ 13 ಕಾಯಿದೆಗಳ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನೇಮಕಾತಿ ಪತ್ರ ಕೊಡಬೇಕು, ನಿಗದಿಯಾದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸಬೇಕು ಎಂದು ಅದರಲ್ಲಿದೆ. ಸಂಬಳ 21,000 ರೂಪಾಯಿ ಒಳಗಿದ್ದು ಇ.ಎಸ್.ಐ. ಕಟ್ಟುತ್ತಿದ್ದರೆ, ಸಿಲಿಕೋಸಿಸ್ ಕೆಲಸದಿಂದ ಬರುವ ರೋಗಗಳ ಕಾನೂನಿನ ಪಟ್ಟಿಯಲ್ಲೇ ಇದೆ. ಆದರೆ ಡಾಕ್ಟರಿಗೆ "ನಾನು ಇಷ್ಟು ವರ್ಷದಿಂದ ಕಲ್ಲು ಕೊಯ್ಯುತ್ತೇನೆ" ಎಂದು ಬಾಯಿಬಿಟ್ಟು ಹೇಳಬೇಕು. ಕೇಳದೆ ನಾವೂ ಹೇಳುವುದಿಲ್ಲ, ಎಷ್ಟೋ ಸಲ ಅವರೂ ಕೇಳುವುದಿಲ್ಲ.

ಸಹಿ ಹಾಕಲ್ಲ ಅಂದರೆ ಕೆಲಸ ಹೋದೀತು ಎಂಬ ಭಯ ನಮಗೂ ಗೊತ್ತು. ಮನೆಯಲ್ಲಿ ಅಪ್ಪ ಅಮ್ಮ ಆ ಸಂಬಳ ನಂಬಿ ಕೂತಿರುವಾಗ ಅವನೊಬ್ಬನಿಗೇ ಧೈರ್ಯ ಹೇಳುವುದು ಸುಲಭದ ಮಾತಲ್ಲ. ಅದಕ್ಕೇ ಮೊದಲು ಅವನಿಗೆ ಎದೆಯ ಎಕ್ಸ್‌ರೇ ತೆಗೆಸುವುದೆಂದು ನಿಶ್ಚಯಿಸಿದ್ದೇವೆ, ಶನಿವಾರ ನಮ್ಮಲ್ಲಿ ಇಬ್ಬರು ಜೊತೆಗೆ ಹೋಗುತ್ತೇವೆ. ಭಾನುವಾರ ಪೂಜೆ ಆದ ಮೇಲೆ ಗುಡಿಯ ಪಕ್ಕದ ಕೋಣೆಯಲ್ಲಿ ಸೇರೋಣ. ಕೆಲಸದಲ್ಲಿರುವವರು ನೇಮಕಾತಿ ಪತ್ರ, ಇ.ಎಸ್.ಐ. ಕಾರ್ಡ್ ಇದ್ದರೆ ತನ್ನಿ. ಇಲ್ಲದಿದ್ದರೂ ಬನ್ನಿ, ಯಾರ ಬಳಿ ಇಲ್ಲ ಎಂಬುದನ್ನೇ ಮೊದಲು ಬರೆದಿಟ್ಟುಕೊಳ್ಳಬೇಕು.