ಕಾಲಿನ ಅಭಿಧಮನಿಯ ಹೆಪ್ಪು: ಚಿಕಿತ್ಸೆಯ ಇತಿಹಾಸ

ನರಗುಂದವು ಬ್ರಿಟಿಷರ ವಿರುದ್ಧ ಬಂಡೆದ್ದುದು 1858ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಜರ್ಮನಿಯ ರುಡಾಲ್ಫ್ ವಿರ್ಕೋ, ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿಕೊಂಡು ಶ್ವಾಸಕೋಶವನ್ನು ಸೇರಬಲ್ಲುದೆಂಬ ತನ್ನ ಶೋಧವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದನು. 1916ರಲ್ಲಿ ಹೆಪಾರಿನ್ ದೊರೆಯಿತು. ಆದರೆ ಅದು ಹೆಪ್ಪು ಬೆಳೆಯದಂತೆ ತಡೆಯುವುದೇ ಹೊರತು ಇದ್ದುದನ್ನು ಕರಗಿಸುವುದಿಲ್ಲ. ಉಳಿದ ಹೆಪ್ಪಿನಿಂದ ಅಭಿಧಮನಿಯ ಕವಾಟಗಳು ಕೆಟ್ಟು, ಹಲವರನ್ನು ಬಾವು, ನೋವು, ಹುಣ್ಣುಗಳು ವರ್ಷಗಟ್ಟಲೆ ಕಾಡುವುವು.

ಈ ಕೊರತೆಯನ್ನು ನೀಗಲೆಂದು, ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ, ಸೂಜಿರಂಧ್ರದಿಂದ ತೂರಿಸಿದ ಸಣ್ಣ ನಳಿಕೆಯ ಮೂಲಕ ಹೆಪ್ಪನ್ನು ಕರಗಿಸುವ ಅಥವಾ ಹೀರಿ ತೆಗೆಯುವ ವಿಧಾನಗಳು ಬಂದವು. ಅಮೆರಿಕದಲ್ಲಿ 692 ರೋಗಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ‘ಅಟ್ರಾಕ್ಟ್’ ಅಧ್ಯಯನದ ಫಲಿತವನ್ನು ನಾವು ಇಲ್ಲಿ ಗಮನಿಸಬೇಕು. ಎರಡು ವರ್ಷಗಳಲ್ಲಿ ದೀರ್ಘಕಾಲಿಕ ತೊಡಕು ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 47 ಮಂದಿಗೆ, ಔಷಧವನ್ನು ಮಾತ್ರ ಪಡೆದವರಲ್ಲಿ 48 ಮಂದಿಗೆ ಕಂಡುಬಂದಿತು. ತೊಡಕಿನ ತೀವ್ರತೆ ಕೊಂಚ ತಗ್ಗಿತಾದರೂ ಆರಂಭದ ರಕ್ತಸ್ರಾವ ಹೆಚ್ಚಿತು.

ಆದುದರಿಂದ ಕಾಲಿಗೇ ಅಪಾಯವೊದಗಿದ ಪ್ರಸಂಗಗಳನ್ನು ಬಿಟ್ಟರೆ, ರೋಣ, ಗಜೇಂದ್ರಗಡಗಳ ರೋಗಿಯು ದೂರದ ನಗರದ ಉಪಕರಣ ದೊರೆಯಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ಒಂದು ಕಾಲು ಹಠಾತ್ತನೆ ಬಾತಾಗ ತಡಮಾಡದೆ ಪರೀಕ್ಷಿಸುವುದೂ, ವೈದ್ಯರು ಹೇಳಿದಷ್ಟು ಕಾಲ ಔಷಧವನ್ನು ತಪ್ಪದೆ ಸೇವಿಸುವುದೂ ಇಂದಿಗೂ ಚಿಕಿತ್ಸೆಯ ತಳಹದಿಯೆಂದು ನಾವು ಭಾವಿಸುತ್ತೇವೆ.