ಸ್ಪಾರ್ಕ್ ಪ್ಲಗ್: ಕರ್ನಾಟಕದ ಸಣ್ಣ ಮೋಟಾರುಬೈಕುಗಳಲ್ಲಿ

ಸ್ಪಾರ್ಕ್ ಪ್ಲಗ್ – ಪೆಟ್ರೋಲ್ ಎಂಜಿನಿನ ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ವಿದ್ಯುತ್ ಕಿಡಿಯಿಂದ ಬೆಂಕಿ ಹೊತ್ತಿಸುವ ಬಿಡಿಭಾಗ. ಆಡುಮಾತಿನಲ್ಲಿ ‘ಪ್ಲಗ್ಗು’. ಗಾಡಿಯ ಯಜಮಾನನೇ ಮೆಕ್ಯಾನಿಕ್ಕಿನ ನೆರವಿಲ್ಲದೆ ಮನೆಯಂಗಳದಲ್ಲಿ ಬಿಚ್ಚಿ, ಒರೆಸಿ, ಬದಲಿಸಬಲ್ಲ ಕೆಲವೇ ಎಂಜಿನ್ ಭಾಗಗಳಲ್ಲಿ ಇದು ಮುಖ್ಯವಾದುದು. ಕರ್ನಾಟಕದಲ್ಲಿ ಈ ರೂಢಿ ಬೇರೂರಿದ್ದು 1960ರಿಂದ 2000ರವರೆಗಿನ ಟೂ ಸ್ಟ್ರೋಕ್ ಗಾಡಿಗಳ ಕಾಲದಲ್ಲಿ. ಫೋರ್ ಸ್ಟ್ರೋಕ್ ಗಾಡಿಗಳು ಬಂದ ಮೇಲೆ ಕೆಲಸದ ರೀತಿ ಬದಲಾಗಲಿಲ್ಲ, ಅದರ ಅಗತ್ಯ ವಿರಳವಾಯಿತು.

ರಚನೆ

ಪ್ಲಗ್ಗಿನ ನಡುವೆ ಒಂದು ಲೋಹದ ಕಡ್ಡಿ, ಅದರ ಸುತ್ತ ಬಿಳಿಯ ಪಿಂಗಾಣಿಯಂಥ ಅಲ್ಯೂಮಿನಾ ಕವಚ, ಹೊರಗೆ ಥ್ರೆಡ್ ಕೊರೆದ ಉಕ್ಕಿನ ಮೈ, ತುದಿಯಲ್ಲಿ ಬಾಗಿದ ಇನ್ನೊಂದು ಕಡ್ಡಿ. ಕಾಯಿಲಿನಿಂದ ಬರುವ ಸಾವಿರಾರು ವೋಲ್ಟಿನ ವಿದ್ಯುತ್ತು ಎರಡು ಕಡ್ಡಿಗಳ ನಡುವಿನ ಸಂದನ್ನು ಹಾರುವಾಗ ಕಿಡಿ ಹುಟ್ಟುತ್ತದೆ. ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಕಾಂಟ್ಯಾಕ್ಟ್ ಪಾಯಿಂಟ್ ಇದ್ದ ಹಳೆಯ ಗಾಡಿಗಳಲ್ಲಿ ಈ ಸಂದು ಸಾಮಾನ್ಯವಾಗಿ 0.5ರಿಂದ 0.6 ಮಿ.ಮೀ., ಸಣ್ಣ ಫೋರ್ ಸ್ಟ್ರೋಕ್ ಬೈಕುಗಳಲ್ಲಿ 0.6ರಿಂದ 0.9 ಮಿ.ಮೀ. ತುದಿಯ ಉಷ್ಣತೆ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂಟಿದ ಮಸಿ ತಾನೇ ಸುಟ್ಟುಹೋಗುತ್ತದೆ. 850–900 ಡಿಗ್ರಿ ಮೀರಿದರೆ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಹಾಳಾಗುವ ಅಪಾಯವಿದೆ. ಇವೆರಡರ ನಡುವೆ ತುದಿಯನ್ನು ಕಾಪಾಡಲು ಪ್ರತಿ ಎಂಜಿನಿಗೂ ತಕ್ಕ ಶಾಖದ ಶ್ರೇಣಿಯ ಪ್ಲಗ್ ಬೇಕು.

ಆರಂಭ

1860ರಲ್ಲಿ ಎತಿಯೆನ್ ಲೆನ್ವಾರ್ ಪ್ಯಾರಿಸ್ಸಿನಲ್ಲಿ ರೂಪಿಸಿದ ಗ್ಯಾಸ್ ಎಂಜಿನಿನಲ್ಲಿ ವಿದ್ಯುತ್ ಕಿಡಿಯ ಪ್ಲಗ್ ಬಳಕೆಯಾಗಿತ್ತು. ಅದನ್ನು ವೇಗದ ಎಂಜಿನಿಗೆ ನಂಬಿಕೆಯಿಂದ ಅಳವಡಿಸುವಂತಾದದ್ದು 1902ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊ ಮತ್ತು ಅದಕ್ಕೊಪ್ಪುವ ಪ್ಲಗ್ಗನ್ನು ಸಿದ್ಧಪಡಿಸಿದಾಗ. ಬ್ಯಾಟರಿ ಇಲ್ಲದೆಯೇ ಕಿಡಿ ಕೊಡುವ ಈ ತತ್ವವೇ ಮುಂದೆ ಮೊಪೆಡ್‌ಗಳಿಗೆ ಆಧಾರವಾಯಿತು. ಒಡೆಯುತ್ತಿದ್ದ ಪಿಂಗಾಣಿ ಕವಚದ ಜಾಗಕ್ಕೆ 1930ರ ದಶಕದಿಂದ ಅಲ್ಯೂಮಿನಾ ಬಂದಿತು.

ಬೆಂಗಳೂರಿನ ಮೈಕೊ

ಬಾಷ್ 1922ರಲ್ಲಿ ಕಲ್ಕತ್ತೆಯ ಮಾರಾಟ ಏಜೆನ್ಸಿಯ ಮೂಲಕ ಭಾರತಕ್ಕೆ ಬಂದಿತು. ಸ್ವಾತಂತ್ರ್ಯಾನಂತರ, 1951ರಲ್ಲಿ, ಅದರ ಸಹಯೋಗದಿಂದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಸ್ಥಾಪನೆಯಾಯಿತು. ಬೆಂಗಳೂರಿನ ಹೊಸೂರು ರಸ್ತೆಯ ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಪಂಪುಗಳ ಜೊತೆಗೆ ಸ್ಪಾರ್ಕ್ ಪ್ಲಗ್ಗುಗಳೂ ತಯಾರಾದವು. ಆಮದಿಗೆ ಬಿಗಿ ನಿರ್ಬಂಧವಿದ್ದ ದಶಕಗಳಲ್ಲಿ ದೇಶದೊಳಗೇ ತಯಾರಾದ ಪ್ಲಗ್ ಸಿಗುವುದು ಬೈಕು ಸವಾರರಿಗೆ ದೊಡ್ಡ ಅನುಕೂಲವಾಗಿತ್ತು. ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಬೆಂಗಳೂರಿನ ಮೈಕೊ ಲೇಔಟಿನಲ್ಲಿ ಹಳೆಯ ಹೆಸರು ಉಳಿದಿದೆ.

ಟೂ ಸ್ಟ್ರೋಕ್ ಕಾಲ

ಪ್ಲಗ್ ಬದಲಿಸುವುದನ್ನು ಮನೆಕೆಲಸವಾಗಿಸಿದ್ದು ಪೆಟ್ರೋಲಿನೊಂದಿಗೆ ಆಯಿಲನ್ನೂ ಸುಡುವ ಎಂಜಿನ್. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಅಲ್ಲಿಂದ ಬಂದ 250 ಸಿ.ಸಿ. ಜಾವಾ, 1970ರ ದಶಕದಿಂದ ಯೆಜ್ದಿ, 1972ರಲ್ಲಿ ಪುಣೆಯಿಂದ ಬಂದ ಲೂನಾ, 1980ರಲ್ಲಿ ಕರ್ನಾಟಕದ ಗಡಿಗೆ ತಾಗಿರುವ ಹೊಸೂರಿನಿಂದ ಬಂದ ಟಿವಿಎಸ್ 50, ಬಜಾಜ್ ಎಂ-80, 1985ರ ಯಮಹಾ ಆರ್‌ಎಕ್ಸ್ 100 ಎಲ್ಲವೂ ಟೂ ಸ್ಟ್ರೋಕ್.

ಇಂಥ ಎಂಜಿನಿನಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಜಾರಿಕೆ ಕೊಡುವ ಆಯಿಲ್ ಕೊನೆಗೆ ಸಿಲಿಂಡರಿನಲ್ಲೇ ಸುಡುತ್ತದೆ. ಪೂರ್ತಿ ಸುಡದೆ ಉಳಿದದ್ದು ಪ್ಲಗ್ಗಿಗೆ ಕಾರ್ಬನ್ ಆಗಿ ಅಂಟುತ್ತದೆ, ಕೆಲವೊಮ್ಮೆ ಕೂದಲೆಳೆಯಂಥ ಕಾರ್ಬನ್ ಸಂದಿಗೆ ಅಡ್ಡ ಕೂತು ಕಿಡಿಯನ್ನೇ ನಿಲ್ಲಿಸುತ್ತದೆ. ಬಂಕಿನಲ್ಲಿ ಕಣ್ಣಳತೆಯಲ್ಲಿ ಹಾಕಿಸಿದ ಆಯಿಲ್, ಪೆಟ್ರೋಲಿಗೆ ಬೆರೆತ ಸೀಮೆಎಣ್ಣೆ, ಸೀಸವಿದ್ದ ಪೆಟ್ರೋಲ್ – ಇವೆಲ್ಲ ತೊಂದರೆಯನ್ನು ಹೆಚ್ಚಿಸುತ್ತಿದ್ದವು.

ಹಳ್ಳಿಯ ಬಳಕೆ ಪ್ಲಗ್ಗಿಗೆ ಇನ್ನಷ್ಟು ಕಠಿಣವಾಗಿತ್ತು. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಂಥ ಊರುಗಳಲ್ಲಿ ಮೊಪೆಡ್ ಎಂದರೆ ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವಿನ ಹೊರೆ ಎಲ್ಲವನ್ನೂ ಹೊರುವ ಗಾಡಿ. ಹೊಲದ ದಾರಿಯಲ್ಲಿ ನಿಧಾನವಾಗಿ, ಆಗಾಗ ನಿಂತು ಸಾಗುವಾಗ ಪ್ಲಗ್ಗಿನ ತುದಿ ಮಸಿ ಸುಡುವಷ್ಟು ಕಾಯುವುದಿಲ್ಲ. ಮಳೆಗಾಲದಲ್ಲಿ ಪ್ಲಗ್ಗಿನ ಮೇಲಿನ ಕ್ಯಾಪಿನೊಳಗೆ ನೀರು ಸೇರಿ ವಿದ್ಯುತ್ತು ಹೊರಗೇ ಸೋರುವ ತೊಂದರೆ ಬೇರೆ. ಹೀಗಾಗಿ ಗಾಡಿಯ ಟೂಲ್ ಬಾಕ್ಸಿನಲ್ಲಿ ಒಂದು ಪ್ಲಗ್ ಪಾನಾ, ಬಟ್ಟೆಯಲ್ಲಿ ಸುತ್ತಿದ ಒಂದು ಹೆಚ್ಚುವರಿ ಪ್ಲಗ್, ಒಂದು ತುಂಡು ಎಮರಿ ಪೇಪರ್ ಇಟ್ಟುಕೊಳ್ಳುವುದು ಸಾಮಾನ್ಯವಾಯಿತು.

ಬದಲಿಸುವ ಕ್ರಮ

ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಬೇಕು. ಬಿಸಿ ಇರುವಾಗ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರಬಹುದು. ವೈರನ್ನಲ್ಲ, ಕ್ಯಾಪನ್ನೇ ಹಿಡಿದು ಎಳೆದು, ಸುತ್ತಲಿನ ಧೂಳನ್ನು ಊದಿ ತೆಗೆದು, ಪಾನಾ ಹಾಕಿ ಎಡಕ್ಕೆ ತಿರುಗಿಸುತ್ತಾರೆ. 14 ಮಿ.ಮೀ. ಥ್ರೆಡ್ಡಿನ ಹಳೆಯ ಪ್ಲಗ್ಗಿಗೆ 21 ಮಿ.ಮೀ. ಪಾನಾ, ಸಣ್ಣ ಹೋಂಡಾ ಮಾದರಿಯ ಎಂಜಿನುಗಳ 10 ಮಿ.ಮೀ. ಪ್ಲಗ್ಗಿಗೆ 16 ಮಿ.ಮೀ. ಪಾನಾ ಬೇಕು.

ಬಿಚ್ಚಿದ ಪ್ಲಗ್ಗಿನ ಬಣ್ಣ ಎಂಜಿನಿನ ಸ್ಥಿತಿ ತಿಳಿಸುತ್ತದೆ. ತಿಳಿ ಕಂದು ಇದ್ದರೆ ಎಲ್ಲವೂ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಒದ್ದೆ ಕಪ್ಪು ಆಯಿಲಿನ ಗುರುತು. ಬೆಳ್ಳಗೆ ಸುಟ್ಟಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಹೆಡ್ಡಿಗೆ ತಾಗಿಸಿ, ಕಿಕ್ ಹೊಡೆದು ಕಿಡಿ ನೋಡುವ ಪದ್ಧತಿಯೂ ಇದೆ. ಹತ್ತಿರ ಪೆಟ್ರೋಲ್ ಚೆಲ್ಲಿದ್ದರೆ ಇದು ಅಪಾಯ.

ಸಂದನ್ನು ಅಳೆಯಲು ಫೀಲರ್ ಗೇಜ್ ಇಲ್ಲದವರು ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡುತ್ತಿದ್ದರು. ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಇರುವುದರಿಂದ ಹಳೆಯ ಗಾಡಿಗಳಿಗೆ ಈ ಅಳತೆ ಬಹುಮಟ್ಟಿಗೆ ಹೊಂದುತ್ತಿತ್ತು. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಬಳಿಕ ಪಾನಾದಿಂದ ಸುಮಾರು ಅರ್ಧ ಸುತ್ತು ಬಿಗಿದರೆ ವಾಷರ್ ಕೂತುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಬಿಗಿದು ಥ್ರೆಡ್ ಕೆಡಿಸಿದರೆ ಲೇತಿನ ಅಂಗಡಿಗೆ ಹೋಗಿ ಬುಶ್ ಹಾಕಿಸಬೇಕಾಗುತ್ತದೆ.

ಕಂಪನಿ ಬದಲಿಸುವಾಗ ಗೊಂದಲಕ್ಕೆ ಕಾರಣವಾಗುವುದು ಶಾಖದ ಸಂಖ್ಯೆ. ಜಪಾನಿನ ಎನ್‌ಜಿಕೆ ಪ್ಲಗ್ಗಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಣ್ಣನೆಯ ಜಾತಿಯದು. ಬಾಷ್‌ನ ಹಳೆಯ ಮೂರಂಕಿ ಪದ್ಧತಿಯೂ ಹಾಗೆಯೇ. ಬಾಷ್‌ನ ಹೊಸ ಪದ್ಧತಿಯಲ್ಲಿ ಇದು ತಿರುವುಮುರುವು. ಆದ್ದರಿಂದ ಸಂಖ್ಯೆಯನ್ನು ನೇರವಾಗಿ ಹೋಲಿಸದೆ, ಎರಡು ಕಂಪನಿಗಳ ಪ್ಲಗ್ಗುಗಳನ್ನು ಸರಿಹೊಂದಿಸುವ ಪಟ್ಟಿಯನ್ನೇ ನೋಡಬೇಕು.

ಫೋರ್ ಸ್ಟ್ರೋಕ್ ಮತ್ತು ಅನಂತರ

1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್ ಬೈಕು. ಇದರ ಆಯಿಲ್ ಎಂಜಿನಿನ ತಳದಲ್ಲೇ ಉಳಿಯುತ್ತದೆ, ಪೆಟ್ರೋಲಿನೊಂದಿಗೆ ಸುಡುವುದಿಲ್ಲ. ಕಿಡಿಯೂ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ವ್ಯವಸ್ಥೆಯಿಂದ ಬರುತ್ತದೆ. ಪ್ಲಗ್ ಬದಲಿಸುವ ಅವಧಿ ಸುಮಾರು 10ರಿಂದ 12 ಸಾವಿರ ಕಿ.ಮೀ.ಗೆ ಏರಿತು. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದಿತು, ಅದೇ ವರ್ಷ ಹೊಗೆಯ ನಿಯಮಗಳು ಬಿಗಿಯಾಗಿ ಟೂ ಸ್ಟ್ರೋಕ್ ಬೈಕುಗಳು ಹಿಂದೆ ಸರಿದವು. ಹೊರೆ ಹೊರುವ ಮೊಪೆಡ್‌ಗಳಲ್ಲಿ ಮಾತ್ರ ಆ ಎಂಜಿನ್ ಬಹುಕಾಲ ಉಳಿಯಿತು. 2015ರಲ್ಲಿ ಟಿವಿಎಸ್ ಎಕ್ಸ್‌ಎಲ್ 100 ಬಂದ ಮೇಲೆ ಅಲ್ಲಿಯೂ ಫೋರ್ ಸ್ಟ್ರೋಕ್ ನೆಲೆಯೂರಿತು.

2003ರ ಬಜಾಜ್ ಪಲ್ಸರ್ ಡಿಟಿಎಸ್-ಐನಲ್ಲಿ ಒಂದೇ ಸಿಲಿಂಡರಿಗೆ ಎರಡು ಪ್ಲಗ್, 2012ರ ಪಲ್ಸರ್ 200 ಎನ್‌ಎಸ್‌ನಲ್ಲಿ ಮೂರು ಪ್ಲಗ್ ಬಂದವು. ಹೊಗೆಯನ್ನು ಮಿತಿಗೊಳಿಸುವ ಬಿಎಸ್-6 ನಿಯಮ ಜಾರಿಯಾದ 2020ರ ಏಪ್ರಿಲ್‌ನಿಂದ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಇವುಗಳಿಗೆ ರೆಸಿಸ್ಟರ್ ಇರುವ ಪ್ಲಗ್ಗೇ ಬೇಕು, ಇಲ್ಲದಿದ್ದರೆ ಕಿಡಿಯ ವಿದ್ಯುತ್ ಗದ್ದಲ ಇಂಜೆಕ್ಷನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಅಡ್ಡಿ ಮಾಡಬಹುದು. ಕಾರ್ಬುರೇಟರ್ ತೊಳೆಯುವುದು, ಪಾಯಿಂಟ್ ತಿದ್ದುವುದು ಯಜಮಾನನ ಕೈಬಿಟ್ಟಿವೆ. ಪಾನಾ ಮತ್ತು ಸರಿಯಾದ ಪ್ಲಗ್ ಇದ್ದರೆ ಸಾಕು ಎನ್ನುವ ಈ ಕೆಲಸ ಮಾತ್ರ, ಒಂದೇ ಪ್ಲಗ್ಗಿನ ಸಣ್ಣ ಬೈಕುಗಳಲ್ಲಿ, ಇನ್ನೂ ಮನೆಯಲ್ಲೇ ನಡೆಯುತ್ತಿದೆ.